ಗೋಣಿಚೀಲದಲ್ಲಿ ಏನಿತ್ತು?

ಜುಲೈ ಹನ್ನೆರಡನೆಯ ತಾರೀಖು ಸಂಜೆ, ನಿವೃತ್ತ ಸಾಂಖ್ಯಿಕ ನಿರೀಕ್ಷಕರಾದ ಕಸ್ತೂರಿರಂಗ ಅವರು ಮಂಡ್ಯದ ತಮ್ಮ ಮನೆಯಲ್ಲಿ ಕಾಫಿ ಲೋಟ ಹಿಡಿದು ಕುಳಿತಿದ್ದಾಗ, ಒಂದು ಸುದ್ದಿವಾಹಿನಿಯು ಅವರನ್ನು ಗೂಂಡಾ ಎಂದು ಘೋಷಿಸಿತು.

ನಡೆದದ್ದು ಇಷ್ಟು. ಆ ಬೆಳಿಗ್ಗೆ ಪೇಟೆಬೀದಿಯಲ್ಲಿ ಎರಡು ಪಕ್ಷಗಳು ಎದುರುಬದುರು ಪ್ರತಿಭಟನೆ ನಡೆಸುತ್ತ, ದಾರಿಹೋಕರಿಗೆಲ್ಲ ಟೋಪಿ ಹಾಕುತ್ತಿದ್ದವು. ಈ ಸಲ ಬಟ್ಟೆಯ ಟೋಪಿ. ಬಿಸಿಲಿಗೆ ಆಗುತ್ತದೆಂದು ಕಸ್ತೂರಿರಂಗರು ಒಂದು ಪಕ್ಷದ್ದನ್ನು ಹಾಕಿಕೊಂಡರು. ದುದ್ದದಿಂದ ಬಂದಿದ್ದ ಹೈಸ್ಕೂಲು ಸಹಪಾಠಿ ಹುಚ್ಚೀರಯ್ಯನ ತಲೆಯ ಮೇಲೆ ಇನ್ನೊಂದು ಪಕ್ಷದ್ದಿತ್ತು. ಅವನು ಗೆಳೆಯನಿಗೆಂದೇ ಗೋಣಿಚೀಲದಲ್ಲಿ ಹಲಸಿನ ಹಣ್ಣೊಂದನ್ನು ಹೊತ್ತು ತಂದಿದ್ದ. ಕೊಟ್ಟ ಕೂಡಲೇ ಕೈಚಾಚುವುದು ಈ ಸೀಮೆಯಲ್ಲಿ ಮರ್ಯಾದೆಯಲ್ಲ, ಬೇಡವೆನ್ನಬೇಕು. ಬೇಡವೆಂದವನನ್ನು ಸುಮ್ಮನೆ ಬಿಡುವುದೂ ಮರ್ಯಾದೆಯಲ್ಲ, ಬಯ್ಯಬೇಕು.

“ಈಸ್ಕಳ್ಲಾ.”

“ಬೇಡ ಕಣೋ, ನನಗೆ ಶುಗರ್ರು.”

“ನಿಂಗ್ಯಾವನ್ಲಾ ಕೊಟ್ಟ? ನಿನ್ನೆಂಡ್ರು ಕನಕಮ್ಮಂಗೆ ಕಣ್ಲಾ ತಂದಿರೋದು. ಈಸ್ಕತೀಯೋ, ತಲೆ ಮ್ಯಾಲೆ ಎತ್ತಾಕ್ಲೋ?”

ಇಬ್ಬರೂ ಚೀಲವನ್ನು ಎಳೆದಾಡಿದರು. ಹುಚ್ಚೀರಯ್ಯ ಪ್ರೀತಿಯಿಂದ ಗೆಳೆಯನ ಕೊರಳಪಟ್ಟಿ ಹಿಡಿದ. ಕೊನೆಗೆ ಎರಡೂ ಕಡೆಯ ಮರ್ಯಾದೆ ಮುಗಿದು, ಹಣ್ಣು ಮನೆಗೆ ಬಂತು.

ಪ್ರತಿಭಟನೆಗೆಂದು ಬಂದಿದ್ದ ವಾಹಿನಿಯ ಕ್ಯಾಮೆರಾ ಈ ಎಳೆದಾಟವನ್ನೂ ಸೆರೆಹಿಡಿದಿತ್ತು. ಸಂಜೆ ಟಿವಿ ಪರದೆಯ ಮೇಲೆ ಈ ಮಾತುಗಳೊಂದೂ ಕೇಳಿಸಲಿಲ್ಲ. ದಂಡು ಹೊರಟಂತೆ ನಗಾರಿಯ ಸದ್ದು ಮಾತ್ರ ಇತ್ತು. ‘ಪೇಟೆಯಲ್ಲಿ ಮಾರಾಮಾರಿ!’ ಚೀಲದ ಸುತ್ತ ಒಂದು ಕೆಂಪು ವೃತ್ತ. ‘ಗೋಣಿಚೀಲದಲ್ಲಿ ಏನಿತ್ತು?’ ಎಂಬ ಘನ ವಿಷಯದ ಮೇಲೆ ನಾಲ್ವರು ತಜ್ಞರು ಚರ್ಚೆಗೆ ಕುಳಿತರು. ಒಬ್ಬರು ಕಲ್ಲು ಎಂದರು. ಇನ್ನೊಬ್ಬರು, ಏನೇ ಇರಲಿ, ಅದು ಬಂದದ್ದು ಹೊರರಾಜ್ಯದಿಂದ ಎಂದರು.

“ರೀ, ಹೊರರಾಜ್ಯದ್ದಂತೆ,” ಎಂದರು ಹೆಂಡತಿ ಕನಕಲಕ್ಷ್ಮಿ, ಕೈಗೆ ಎಣ್ಣೆ ಸವರಿಕೊಂಡು ತೊಳೆ ಬಿಡಿಸುತ್ತ. “ಸಿಹಿಯಾಗೇನೋ ಇದೆ.”

“ಈ ಸುಳ್ಳನ್ನ ಬುಡಸಮೇತ ಕಿತ್ತು ಹಾಕ್ತೀನಿ, ನೋಡ್ತಿರು. ಸೇವೆಯಲ್ಲಿದ್ದಷ್ಟೂ ಕಾಲ ಸರ್ಕಾರಕ್ಕೆ ಸರಿಯಾದ ಅಂಕಿಅಂಶ ಕೊಟ್ಟವನು ನಾನು.”

“ಸರ್ಕಾರ ಅದನ್ನ ನಂಬ್ತಿತ್ತಾ?”

ಕಸ್ತೂರಿರಂಗರು ಈ ಪ್ರಶ್ನೆಯನ್ನು ಕಡತಕ್ಕೆ ಸೇರಿಸಲಿಲ್ಲ. ಅವರಿಗೆ ಸಾಕ್ಷಿ ಬೇಕಿತ್ತು, ಸಾಕ್ಷಿ ಫೋನೆತ್ತುತ್ತಿರಲಿಲ್ಲ. ಎರಡು ದಿನ ಕಾದು, ದುದ್ದದ ಬಸ್ಸು ಹತ್ತಿದರು. ಹುಚ್ಚೀರಯ್ಯ ಕೊರಳಲ್ಲಿ ತನ್ನ ಟೋಪಿಯ ಪಕ್ಷದವರು ಹಾಕಿದ ಬಾಡಿದ ಹಾರ, ಕೈಗೊಂದು ಪಟ್ಟಿ ಸಮೇತ ಟಿವಿಯ ಮುಂದೆ ಕುಳಿತಿದ್ದ.

“ಕೈಗೇನಾಯ್ತೋ?”

“ನೀನೇ ತಿರುಚ್ಬುಟ್ಯಂತೆ.”

“ಹುಚ್ಚೀರ, ನೀನೂ ಅಲ್ಲೇ ಇದ್ದೆಯಲ್ಲೋ.”

“ಇದ್ದೆ. ಆಗೇನೂ ನೋವಿರ್ನಿಲ್ಲ ಕಣ್ಲಾ. ಟಿವೀಲಿ ನೋಡುದ್ಮೇಲೆ ಸುರುವಾಯ್ತು.”

ಹೈಸ್ಕೂಲಿನಿಂದ ಈವರೆಗೆ ಒಂದು ದಿನವೂ ಮುನಿಯದ ಗೆಳೆಯ, ಕುಳಿತುಕೋ ಎಂದೂ ಹೇಳಲಿಲ್ಲ. ಪ್ರತಿಷ್ಠೆ ಹೋದರೆ ಹೋಗಲಿ, ಇವನನ್ನು ಕಳೆದುಕೊಳ್ಳುವುದೆಂತು? ಕಸ್ತೂರಿರಂಗರು ನಿಂತುಕೊಂಡೇ ಅಂಗಲಾಚಿದರು. ಕೊನೆಗೆ ಹುಚ್ಚೀರಯ್ಯ ಕರಗಿದ. “ನಡಿ, ಬತ್ತೀನಿ. ಇರೋದ್ನೇ ಏಳ್ತೀನಿ.”

ವಾಹಿನಿಯ ವರದಿಗಾರ ಮಧುಕರ ಸಂತೋಷದಿಂದ ಒಪ್ಪಿದ. ಮರುದಿನ ಅದೇ ಬೀದಿಯಲ್ಲಿ ನೇರಪ್ರಸಾರ. ಕಸ್ತೂರಿರಂಗರು ಗಂಟಲು ಸರಿಮಾಡಿಕೊಂಡು, “ವಾಸ್ತವಾಂಶವೇನೆಂದರೆ, ಆ ಚೀಲದಲ್ಲಿದ್ದದ್ದು ಹಲಸಿನ ಹಣ್ಣು” ಎಂದರು.

“ಊಂ ಕಣಪ್ಪ, ಅಲಸಿನಣ್ಣೇಯ,” ಎಂದ ಹುಚ್ಚೀರಯ್ಯ. “ಇಪ್ಪತ್ತು ಕೆಜಿ ಇತ್ತು.”

ಅಲ್ಲಿಗೆ ಸತ್ಯ ಗೆದ್ದಿತ್ತು. ಆಗಲಾದರೂ ಕಸ್ತೂರಿರಂಗರು ಬಾಯಿ ಮುಚ್ಚಿಕೊಂಡಿದ್ದರೆ ಈ ಬರಹದ ಅಗತ್ಯವೇ ಬೀಳುತ್ತಿರಲಿಲ್ಲ.

“ಹನ್ನೊಂದು,” ಎಂದರು. “ತೂಗಿ ನೋಡಿದ್ದೇನೆ.”

ಹುಚ್ಚೀರಯ್ಯನ ಮುಖ ಕಪ್ಪಿಟ್ಟಿತು. “ಪಿರೂತೀಲಿ ಕೊಟ್ಟಿದ್ದನ್ನ ತಕ್ಕಡಿಗೆ ಆಕ್ದ್ಯೇನ್ಲಾ?”

“ವಾಸ್ತವಾಂಶ ವಾಸ್ತವಾಂಶವೇ, ಹುಚ್ಚೀರ. ಅದರಲ್ಲೂ ಒಂದು ಪಕ್ಕ ಕೊಳೆತಿತ್ತು.”

ಈ ಸಲ ಕೊರಳಪಟ್ಟಿ ಹಿಡಿದ ಕೈಯಲ್ಲಿ ಪ್ರೀತಿಯಿರಲಿಲ್ಲ. ಪಟ್ಟಿ ಕಟ್ಟಿದ್ದ ಕೈಯೇ ಹೆಚ್ಚು ಬಲವಾಗಿತ್ತು. ವಾಹಿನಿಯವರು ಈಗ ಧ್ವನಿಯನ್ನೂ ಕೇಳಿಸಿದರು. ಕೆಳಗೆ ದಪ್ಪಕ್ಷರದಲ್ಲಿ, ‘ನಾವು ಮೊದಲೇ ಹೇಳಿದ್ದೆವು!’

ವಾರ ಕಳೆದು ಕಸ್ತೂರಿರಂಗರು ಕ್ಷಮೆ ಕೇಳಲು ಮತ್ತೆ ದುದ್ದಕ್ಕೆ ಹೋದರು. ಬಾಗಿಲಿಗೆ ಬಂದದ್ದು ಹುಚ್ಚೀರಯ್ಯನ ಹೆಂಡತಿ ಚಲುವಮ್ಮ. ಒಮ್ಮೆ ಒಳಗೆ ತಿರುಗಿ ನೋಡಿ, “ಮನೇಲಿಲ್ವಂತೆ ಕಣ್ರಪ್ಪ,” ಎಂದರು.

ಮನೆಗೆ ಬಂದ ಕಸ್ತೂರಿರಂಗರು ಮಧುಕರನಿಗೆ ಫೋನು ಮಾಡಿದರು.

“ಈ ಅನಾಹುತಕ್ಕೆಲ್ಲ ನಿಮ್ಮ ವಾಹಿನಿಯೇ ಹೊಣೆ. ಆದ್ದರಿಂದ ಇದು ನನ್ನ ಹಕ್ಕೊತ್ತಾಯ: ಗೆಳೆಯರಿಬ್ಬರೂ ರಾಜಿಯಾದರು ಎಂದು ನಾಳೆಯಿಂದಲೇ ಸುದ್ದಿ ಹಾಕಬೇಕು.”

“ಓ, ರಾಜಿ ಆಯ್ತಾ ಸಾರ್?”

“ಇಲ್ಲ. ಅದಕ್ಕೇ ಹೇಳ್ತಿರೋದು, ದಿನವಿಡೀ ತೋರಿಸಿ. ಅವನು ನನ್ನ ಮಾತು ನಂಬಲ್ಲ ಕಣ್ರೀ, ನಿಮ್ಮದನ್ನ ನಂಬ್ತಾನೆ.”