ಕಾರಣದ ಉದ್ದ

ನಾಳೆ ಒಂದು ದಿನ ರಜೆ ಬೇಕು ಎಂದು ಅವಳು ಕೇಳಿದ್ದೇ ತಪ್ಪಾಯಿತು.

"ಯಾಕೆ?" ಎಂದರು ಮ್ಯಾನೇಜರು.

ಸುಮ್ಮನೆ ಮಲಗಬೇಕು ಎನ್ನಲು ಬಾಯಿ ಬರಲಿಲ್ಲ. ಅವರೇ, "ಆಯ್ತು, ಅಕ್ಷರ ಎಣಿಸೋ ಫಂಕ್ಷನ್ ಅಸೆಂಬ್ಲಿ ಭಾಷೆಯಲ್ಲಿ ಬರೆದುಕೊಟ್ಟು ಹೋಗಿ. ಈಗಿರೋದು ನಿಧಾನ," ಎಂದರು.

ಸಿ ಭಾಷೆಯಲ್ಲಿ ಆ ಫಂಕ್ಷನ್ ಸಿದ್ಧವಾಗಿಯೇ ಸಿಗುತ್ತದೆ. ಆದರೆ ಯಂತ್ರಕ್ಕೆ ನೇರವಾಗಿ ಅಪ್ಪಣೆ ಕೊಡುವ ಅಸೆಂಬ್ಲಿ ಎಂದರೆ ವೇಗ ಎಂದು ಯಾರೋ ಅವರ ಕಿವಿಯೂದಿದ್ದರು. ಇನ್ನು ಸಿ ಪ್ರೋಗ್ರಾಮಿನ ನಡುವೆ ನಾಲ್ಕು ಅಸೆಂಬ್ಲಿ ಸಾಲು ತೂರಿಸಬೇಕು. ಅದು ಒಂದೊಂದೇ ಅಕ್ಷರ ದಾಟಿ, ಬರಹ ಮುಗಿಯಿತೆಂದು ಸೂಚಿಸುವ ಕೊನೆಯ ಸೊನ್ನೆ ಸಿಕ್ಕಲ್ಲಿ ನಿಲ್ಲಬೇಕು. ಅವಳ ದಿನಗಳಿಗೆ ಅಂಥದೊಂದು ಸೊನ್ನೆಯನ್ನು ಯಾರೂ ಇಟ್ಟಿರಲಿಲ್ಲ.

ಮೊದಲ ಸಲ ಓಡಿಸಿದಾಗ ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳ ಕಸ ಸುರಿಯಿತು. ಪಕ್ಕದ ಕುರ್ಚಿಯ ಸಹೋದ್ಯೋಗಿ, ಎಲ್ಲರ ಬಾಯಲ್ಲೂ 'ಉಪದೇಶಿ', ಇಣುಕಿದ. "ಯಾವ ರಿಜಿಸ್ಟರ್ ಬಳಸ್ತೀರಿ ಅಂತ ಕಂಪೈಲರಿಗೆ ಹೇಳಿದ್ರಾ ಮೇಡಂ?"

ಹೇಳಿರಲಿಲ್ಲ. ಸಿ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರು ತನ್ನ ಲೆಕ್ಕ ಇಟ್ಟುಕೊಂಡಿದ್ದ ರಿಜಿಸ್ಟರೆಂಬ ಗೂಡಿಗೇ ಅವಳೂ ತನ್ನದನ್ನು ತುರುಕಿದ್ದಳು. ಪಕ್ಕದ ಮನೆಯವರ ಒಲೆಯಿಂದ ಅವರ ಪಾತ್ರೆ ಇಳಿಸಿ, ಹೇಳದೆ ಕೇಳದೆ ತನ್ನದನ್ನಿಟ್ಟು ಬಂದಂತಾಗಿತ್ತು.

ಸರಿಪಡಿಸುತ್ತಿರುವಾಗ ಅತ್ತೆಯ ಫೋನು. "ನಾಳೆ ರಜಾ ಯಾಕಮ್ಮಾ? ಸುಮ್ನೆ ಇರೋದಾದ್ರೆ ಅಟ್ಟ ಒರೆಸಿಬಿಡು." ಹಿಂದೆಯೇ ಗಂಡ: "ಯಾಕೆ ರಜ? ಹೇಗೂ ಮನೇಲಿರ್ತೀಯಲ್ಲ, ಪ್ಲಂಬರನ್ನ ಕರೀಲಾ?"

ಅಷ್ಟರಲ್ಲಿ ಉಪದೇಶಿ ಮತ್ತೆ ಬಂದ. "ಮೊದಲು ಒಂದಕ್ಷರ ದಾಟಿ, ಆಮೇಲೆ ಸೊನ್ನೆ ಬಂತಾ ಅಂತ ನೋಡೋ ಹಾಗೆ ಬರೀರಿ. ಒಂದು ಸಾಲು ಉಳಿಯುತ್ತೆ."

"ಯಾರಾದ್ರೂ ಏನೂ ಬರೆಯದೆ ಖಾಲಿ ಕಳಿಸಿದ್ರೆ? ಸೊನ್ನೆ ಮೊದಲಲ್ಲೇ ಇರುತ್ತೆ. ಇದು ಅದನ್ನ ದಾಟ್ಕೊಂಡು ಹೋಗ್ತಾನೇ ಇರುತ್ತೆ."

"ಖಾಲಿ ಯಾರು ಕಳಿಸ್ತಾರೆ ಮೇಡಂ?"

ವಾದಕ್ಕೂ ಶಕ್ತಿ ಬೇಕು. ಹಾಗೆಯೇ ಬರೆದಳು.

ಸಂಜೆ ಮ್ಯಾನೇಜರು ಚೀಲ ಹೆಗಲಿಗೇರಿಸಿ ಬಂದರು. "ನಿಮ್ಮ ಫಂಕ್ಷನ್ನನ್ನ ನಮ್ಮ ಆಫೀಸಿನ ರಜಾ ಅರ್ಜಿಯ ಪ್ರೋಗ್ರಾಮಿಗೇ ಮೊದಲು ಹಾಕಿಸಿದೀನಿ. ಚೆನ್ನಾಗಿ ಓಡ್ತಿದೆ. ಅಲ್ಲೇ ಅರ್ಜಿ ಹಾಕ್ಬಿಡಿ, ಅದು ಒಪ್ಪಿದ್ರೆ ನಂದೂ ಒಪ್ಪಿಗೆ. ನೋಡ್ಕೊಂಡು ಹಾಕಿ, ಒಂದು ದಿನದ ರಜೆಗೆ ಒಂದೇ ಸಲ ಅರ್ಜಿ ತಗೊಳ್ಳುತ್ತೆ."

ಅವರು ಹೋದರು. ಅವಳು ತಾರೀಖು ತುಂಬಿದಳು. ಅದರ ಕೆಳಗೆ: ಕಾರಣ (ನೂರು ಅಕ್ಷರ ಮೀರಬಾರದು).

ಬೆಳಗಿನಿಂದ ಎಲ್ಲರೂ ಕೇಳಿದ್ದು ಅದನ್ನೇ. ಇದ್ದದ್ದು ಹೇಳಿದರೆ ಯಾರೂ ನಂಬುವುದಿಲ್ಲ, ಸುಳ್ಳು ಹೊಸೆಯುವಷ್ಟು ತ್ರಾಣವಿಲ್ಲ. ಯಂತ್ರವಾದರೂ ಕೇಳದಿರಲಿ ಎಂದು ಆ ಜಾಗವನ್ನು ಖಾಲಿ ಬಿಟ್ಟು ಗುಂಡಿ ಒತ್ತಿದಳು.

ಬೆರಳೆತ್ತುವ ಮೊದಲೇ ನೆನಪಾಯಿತು, ಖಾಲಿ ಕಳಿಸಿದ್ದು ತಾನೇ. ಅಷ್ಟರಲ್ಲಿ ಅವಳದೇ ಫಂಕ್ಷನ್ನು ಸೊನ್ನೆಯನ್ನು ದಾಟಿ, ಯಾರ್‍ಯಾರದೋ ಅಕ್ಷರಗಳನ್ನೆಲ್ಲ ಎಣಿಸಿಕೊಂಡು ಬಂದಾಗಿತ್ತು.

'ಕಾರಣ ತುಂಬಾ ಉದ್ದವಾಗಿದೆ. ಅರ್ಜಿ ತಿರಸ್ಕರಿಸಲಾಗಿದೆ.'

ಉಪದೇಶಿ ಕುರ್ಚಿ ಸರಿಸಿಕೊಂಡು ಬಂದು ಓದಿದ. "ಅಷ್ಟುದ್ದ ಏನು ಬರೆದಿದ್ರಿ ಮೇಡಂ?"

"ಏನೂ ಇಲ್ಲ," ಎಂದು ಅವಳು ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು.