ಹಾರೂನರ ಸಾವಿಗೆ ಒಂದು ತಿಂಗಳ ರಜೆ

ಅಳುವ ಮೊದಲು ಶಹೀರ್ ಕೋಣೆಯ ಬಾಗಿಲಿಗೆ ಚಿಲಕ ಹಾಕಬೇಕಿತ್ತು. ಹಾಕಲಿಲ್ಲ. ಆ ದಿನದ ಅನಾಹುತಕ್ಕೆಲ್ಲ ಕಾರಣ ಇಷ್ಟೇ.

ರಿಯಾದಿನ ಮಲಾಜ್‌ನಲ್ಲಿ ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ ಅವನದು. ಊರು ಉಪ್ಪಿನಂಗಡಿ. ಮಧ್ಯಾಹ್ನದ ನಮಾಜಿಗೆ ಮುಚ್ಚಿದ ಅಂಗಡಿ ಮತ್ತೆ ತೆರೆಯುವುದು ನಾಲ್ಕು ಗಂಟೆಗೆ. ಆ ಬಿಡುವಿನಲ್ಲಿ ಕೋಣೆಯ ಉಳಿದವರು ಉಂಡು ಗೊರಕೆ ಹೊಡೆಯುತ್ತಿದ್ದರೆ ಇವನು ಗೋಡೆಗೆ ಮುಖ ಮಾಡಿ, ತಲೆ ಮೇಲೆ ಹೊದಿಕೆ ಎಳೆದುಕೊಂಡು, ಮೊಬೈಲಿನಲ್ಲಿ ‘ಮೂರನೆಯ ಬೀಗ’ ನೋಡುತ್ತಿದ್ದ.

ಅದು ಅರಬಿ ಭಾಷೆಗೆ ಇಳಿಸಿದ ತುರ್ಕಿಯ ಪತ್ತೇದಾರಿ ಧಾರಾವಾಹಿ. ದೊಡ್ಡವರಿಗೆ ಮಾತ್ರ ಎಂದು ಶುರುವಿನಲ್ಲೇ ಬರೆದು ತೋರಿಸುತ್ತಾರೆ. ಕೊಲೆ, ಕುಡಿತ, ಬಾಯಿಗೆ ಬಂದ ಬೈಗುಳ, ಏನುಂಟು ಏನಿಲ್ಲ. ಶಹೀರ್ ಅರಬಿ ಕಲಿತದ್ದೇ ಅದರಿಂದ. ಹಾಗಾಗಿ ಕನ್ನಡಕ ಹಾಕಿಕೊಂಡ ಗಿರಾಕಿಯ ಹತ್ತಿರ ಬಗ್ಗಿ, “ಸತ್ಯ ಹೇಳಿ, ನಿಮಗೇನು ಕಾಣಿಸುತ್ತಿದೆ?” ಎಂದು ಕೇಳುವುದು ಅವನಿಗೆ ರೂಢಿಯಾಗಿತ್ತು. ಗಿರಾಕಿಗಳು ಕೆಲವರು ಬೆವರುತ್ತಿದ್ದರು.

ಹೊದಿಕೆ ಎಳೆದುಕೊಳ್ಳಲು ಕಾರಣ ಮಹಮ್ಮದ್ ಕುಂಞಿ. ಕೋಣೆಯ ಹಿರಿಯ, ಎಲ್ಲರ ಬಾಯಲ್ಲಿ ಕುಂಞಾಕ. ಒಮ್ಮೆ ಇವನ ಹೆಗಲ ಮೇಲಿಂದ ಹಣಕಿ, ಪರದೆಯ ಮೇಲೆ ಒಬ್ಬ ಬಾಟಲಿ ಎತ್ತುವುದನ್ನು ಕಂಡು, ಒಂದು ಗಂಟೆ ಉಪದೇಶ ಮಾಡಿದ್ದರು. “ಬಿಟ್ಟೆ ಕುಂಞಾಕಾ, ಇನ್ನು ನೋಡುದಿಲ್ಲ” ಎಂದು ಶಹೀರ್ ಮಾತು ಕೊಟ್ಟಿದ್ದ. ಪಾಪ, ಬಿಡುವುದು ಹೇಗೆ? ಆ ಕತೆಯಲ್ಲಿ ಹಾರೂನ್ ಇದ್ದರು.

ಹಾರೂನ್ ಐವತ್ತೆಂಟರ ಪೊಲೀಸ್ ಅಧಿಕಾರಿ. ಲಿಫ್ಟ್ ಇಲ್ಲದ ಕಟ್ಟಡದ ನಾಲ್ಕನೇ ಮಾಳಿಗೆಯಲ್ಲಿ ಒಬ್ಬರೇ ವಾಸ. ಕೊಲೆಗಾರನ ಮನೆಗೆ ಯಾವಾಗಲೂ ಅರ್ಧ ಗಂಟೆ ತಡವಾಗಿ ತಲುಪುವವರು. ಮನೆಗೆ ಬಂದು ಮೊಟ್ಟೆ ಒಡೆದು, ಒಲೆಯ ಎದುರು ನಿಂತೇ ತಿಂದು, ಮಗಳಿಗೆ ಫೋನ್ ಮಾಡುತ್ತಾರೆ. ಮಗಳು ಎತ್ತುವುದಿಲ್ಲ. “ಕೆಲಸದಲ್ಲಿರಬೇಕು” ಎಂದು ತಮಗೆ ತಾವೇ ಹೇಳಿಕೊಂಡು ದೀಪ ಆರಿಸುತ್ತಾರೆ. ಜನ ಕೊಲೆ ನೋಡಲು ನೋಡುತ್ತಿದ್ದರು, ಶಹೀರ್ ಆ ಮೊಟ್ಟೆ ಒಡೆಯುವುದನ್ನು ಹಿಂದಕ್ಕೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಇದನ್ನು ಬರೆದವನು ಖಂಡಿತ ಹೊರದೇಶದಲ್ಲಿ ಹಂಚಿಕೊಂಡ ಕೋಣೆಯಲ್ಲಿ ಬದುಕಿದವನು ಎಂದು ಅವನ ತೀರ್ಮಾನ.

ಶಹೀರನಿಗೂ ಮಗಳಿದ್ದಾಳೆ. ಹೆಂಡತಿ ಜಸ್ನಾ ಏಳು ತಿಂಗಳ ಬಸುರಿಯಾಗಿದ್ದಾಗ ಇವನು ವಿಮಾನ ಹತ್ತಿದ್ದು, ಈಗ ಮಗುವಿಗೆ ಇಪ್ಪತ್ತು ತಿಂಗಳು. ಪಪ್ಪ ಅಂದರೆ ಅದಕ್ಕೆ ಜಸ್ನಾಳ ಮೊಬೈಲ್. ಚಾರ್ಜಿಗೆ ಇಟ್ಟರೆ “ಪಪ್ಪ ಚಾಚಿ”, ಪಪ್ಪ ಮಲಗಿದೆ, ಎಂದು ಅದರ ಮೇಲೆ ಟವೆಲ್ ಹೊದಿಸುತ್ತದೆಯಂತೆ. ರಜೆ ಕೇಳಿ ಮೂರು ಸಲವಾಯಿತು. ಅಂಗಡಿಯ ಯಜಮಾನ, ಅವನ ವೀಸಾದ ಹೊಣೆ ಹೊತ್ತ ಕಫೀಲ್ ಅಬೂ ರಾಕಾನ್, ಕೆಟ್ಟವರಲ್ಲ. ಆದರೆ ಶಾಲೆ ಶುರುವಾಗುವಾಗ ವ್ಯಾಪಾರ ಜೋರು, ಈದಿಗೆ ಜೋರು, ಬಿಸಿಲಿಗೆ ಕಪ್ಪು ಕನ್ನಡಕದ ವ್ಯಾಪಾರ ಜೋರು. “ಮನೆಯಲ್ಲಿ ಸಾವು ಗೀವು ಆದರೆ ಅದು ಬೇರೆ ಮಾತು, ಅದು ದೇವರ ಕೈಯಲ್ಲಿದೆ” ಎಂದಿದ್ದರು.

ಆ ಗುರುವಾರ ಮಧ್ಯಾಹ್ನ ಕೋಣೆಯಲ್ಲಿ ಇವನೊಬ್ಬನೇ. ‘ಮೂರನೆಯ ಬೀಗ’ದ ಅರವತ್ತನಾಲ್ಕನೆಯ, ಅಂದರೆ ಕೊನೆಯ ಕಂತು. ಐದು ವರ್ಷ ಗುಂಡುಗಳಿಂದ, ಚೂರಿಗಳಿಂದ, ಒಮ್ಮೆ ಬಾಂಬಿನಿಂದಲೂ ಪಾರಾದ ಹಾರೂನ್, ಒಂದು ಕಿಲೋ ಟೊಮೆಟೊ ಹಿಡಿದು ಮೆಟ್ಟಿಲು ಹತ್ತುತ್ತಿದ್ದವರು, ಮೂರನೇ ಮಾಳಿಗೆಯಲ್ಲಿ ಎದೆ ಹಿಡಿದು ಕೂತರು. ಕೂತಲ್ಲೇ ಹೋದರು. ಟೊಮೆಟೊಗಳು ಒಂದೊಂದಾಗಿ ಮೆಟ್ಟಿಲಿಳಿದು ಉರುಳಿದವು. ಶಹೀರ್ ಹೊದಿಕೆಯೊಳಗೆ ಬಿಕ್ಕಿ ಬಿಕ್ಕಿ ಅತ್ತ.

ಆಗ ಒಳಗೆ ಬಂದವನು ಕಾಪುವಿನ ಲತೇಶ್, ಏಸಿ ರಿಪೇರಿಯವನು, ಪಕ್ಕದ ಮಂಚದವನು. ಹೊದಿಕೆ ಕುಲುಕುವುದು ಕಂಡು ಎಳೆದು ನೋಡಿದ.

“ಎಂತಾಯ್ತು ಮಾರಾಯ? ಕಣ್ಣು ಎಂತ ಹೀಗೆ?”

“ಹಾರೂನ್ ಹೋದ್ರು ಲತೇಶಾ...”

ಇಷ್ಟೇ ಅವನ ಬಾಯಿಂದ ಬಂದದ್ದು. ಮುಂದಿನದನ್ನು ಹೇಳುವಷ್ಟರಲ್ಲಿ ಲತೇಶ್ ಹೊರಗೋಡಿ ಕುಂಞಾಕನಿಗೆ ಫೋನ್ ಹಚ್ಚಿಯಾಗಿತ್ತು.

ಕುಂಞಾಕನಿಗೆ ಗಲ್ಫಿನಲ್ಲಿ ಮೂವತ್ತೊಂದು ವರ್ಷ. ಊರಲ್ಲಿ ಸಾವಾದರೆ ಸುದ್ದಿ ನೇರವಾಗಿ ಸಂಬಂಧಪಟ್ಟವನಿಗೆ ಹೋಗುವುದಿಲ್ಲ, ಕುಂಞಾಕನಿಗೆ ಬರುತ್ತದೆ. ಅವರದೊಂದು ಕ್ರಮ ಇದೆ. ಮೊದಲು ಅವನ ಮೊಬೈಲ್ ತೆಗೆದಿಡಬೇಕು, ಮಯ್ಯಿತ್ತಿನ, ಅಂದರೆ ಹೆಣದ, ಫೋಟೊ ಗೀಟೊ ನೋಡಿ ಎದೆ ಒಡೆದುಕೊಳ್ಳಬಾರದು. ಸಿಹಿ ಚಾ ಕುಡಿಸಬೇಕು. ದುಃಖದಲ್ಲಿರುವವನನ್ನು ಮಾತಾಡಿಸಬಾರದು, ಸಾವಿನ ಮನೆಗೆ ಫೋನ್ ಮಾಡಿ ಪ್ರಶ್ನೆ ಕೇಳಬಾರದು. ಉಳಿದದ್ದನ್ನು ಸುತ್ತಲಿನವರು ನೋಡಿಕೊಳ್ಳಬೇಕು. ಈ ಕ್ರಮದಿಂದ ಎಷ್ಟೋ ಜನ ಉಳಿದಿದ್ದಾರೆ ಎನ್ನುವುದೂ ಸುಳ್ಳಲ್ಲ.

ಕಾಲು ಗಂಟೆಯೊಳಗೆ ಅವರು ಏದುಸಿರು ಬಿಡುತ್ತಾ ಬಂದು ಶಹೀರನನ್ನು ತಬ್ಬಿಕೊಂಡು, ಇನ್ನೊಂದು ಕೈಯಲ್ಲಿ ಅವನ ಮೊಬೈಲ್ ಎತ್ತಿ ತಮ್ಮ ಕಿಸೆಗಿಳಿಸಿದರು.

“ಕುಂಞಾಕಾ, ಅದು ನಿಜವಾಗಿ ಎಂತ ಅಂದ್ರೆ...”

“ಮಾತಾಡ್ಬೇಡ ಮೋನೇ. ಚಾ ಕುಡಿ.” ಲತೇಶನ ಕಡೆ ತಿರುಗಿ ತಗ್ಗಿದ ದನಿಯಲ್ಲಿ, “ಯಾರು ಈ ಹಾರೂನ್?” ಎಂದರು.

“ಯಾವಾಗ್ಲೂ ಅವರದ್ದೇ ಮಾತು ಕುಂಞಾಕಾ. ಹಾರೂನ್ ಹಾಗೆ ಮಾಡ್ತಾರೆ, ಹಾರೂನ್ ಹೀಗೆ ಹೇಳ್ತಾರೆ ಅಂತ. ಪೊಲೀಸ್‌ನಲ್ಲಿದ್ದವರಂತೆ.”

“ಹಾಗಾದ್ರೆ ತಾಯಿಯ ತಮ್ಮನೇ ಇರ್ಬೇಕು. ತಂದೆ ಇಲ್ಲದ ಮಕ್ಕಳನ್ನು ಮಾವಂದಿರೇ ಅಲ್ವಾ ಸಾಕುದು.”

ಶಹೀರ್ ಮತ್ತೆ ಬಾಯಿ ತೆರೆದ. ಈಗ ಸತ್ಯ ಹೇಳಿದರೆ ಬಿಟ್ಟೆನೆಂದ ಧಾರಾವಾಹಿಯ ವಿಷಯ ಹೊರಬರುತ್ತದೆ. ಬರಲಿ, ಒಂದು ಗಂಟೆಯ ಉಪದೇಶ ತಾನೆ ಎಂದು ಗಟ್ಟಿ ಮನಸ್ಸು ಮಾಡಿದ. ಅಷ್ಟರಲ್ಲಿ ಕುಂಞಾಕ ಕಫೀಲರ ಜತೆ ಅರಬಿಯಲ್ಲಿ ಮಾತಿಗಿಳಿದಿದ್ದರು. ಹೆತ್ತ ತಂದೆಗಿಂತ ಹೆಚ್ಚಿನ ಮಾವ, ಎತ್ತಿ ಆಡಿಸಿದ ಮಾವ ಎಂದೆಲ್ಲ ಕೇಳಿಸಿತು. ಫೋನ್ ಇಟ್ಟು, ಕಣ್ಣೊರೆಸಿಕೊಂಡು ಹೇಳಿದರು:

“ಒಂದು ತಿಂಗಳು ರಜೆ ಕೊಟ್ಟಿದ್ದಾರೆ ಮೋನೇ. ನಾಲ್ಕು ಗಂಟೆಗೆ ಅಂಗಡಿಗೆ ಬಂದು, ಸಮಾಧಾನ ಹೇಳಿ, ನಿನ್ನೆದುರೇ ಮೊಬೈಲಲ್ಲಿ ಹೋಗಿಬರುವ ವೀಸಾ ಒತ್ತಿಕೊಡ್ತಾರಂತೆ. ನಾಳೆ ನೀನು ಊರಲ್ಲಿ.”

ಶಹೀರನ ತೆರೆದ ಬಾಯಿ ಹಾಗೇ ಮುಚ್ಚಿತು. ನಾಳೆ ಊರಲ್ಲಿ! ಮಗುವನ್ನು ಎತ್ತಿಕೊಂಡರೆ ಎಷ್ಟು ಭಾರ ಇರಬಹುದು ಎಂದು ಅವನ ಕೈಗಳು ತಾವಾಗಿ ಅಂದಾಜು ಮಾಡತೊಡಗಿದವು. ಸುಳ್ಳು ನಾನು ಹೇಳಿದ್ದಲ್ಲವಲ್ಲ, ಹಾರೂನ್ ಸತ್ತದ್ದು ನಿಜವೇ ಅಲ್ಲವೇ ಎಂದು ಚಾ ಕುಡಿದ.

ಮೂರು ಗಂಟೆಯ ಅಸರ್ ನಮಾಜ್ ಮುಗಿಸಿ ಬರುವಾಗ ಕುಂಞಾಕನ ಹಿಂದೆ ಹನ್ನೊಂದು ಜನ ಇದ್ದರು. ಕೋಣೆಯಲ್ಲಿ ಚಾಪೆ ಹಾಸಿ, ಮೃತರ ಹೆಸರಿನಲ್ಲಿ ಕುರಾನಿನ ಯಾಸೀನ್ ಅಧ್ಯಾಯ ಓದಿದರು. ಶಹೀರನಿಗೆ ಕೂತಲ್ಲಿ ಮುಳ್ಳು ಚುಚ್ಚಿದ ಹಾಗಾಯಿತು. ಪಡೆದವನೇ, ಇದರ ಪುಣ್ಯವೆಲ್ಲ ತೀರಿಹೋದ ನನ್ನ ತಂದೆಗೆ ಸಲ್ಲಲಿ, ಹಾರೂನರಿಗೆ ನೀನೇ ಏನಾದರೂ ಮಾಡು ಎಂದು ಮನಸ್ಸಿನಲ್ಲೇ ಬೇಡಿಕೊಂಡ.

ಓದು ಮುಗಿದದ್ದೇ ತಡ, ಹನ್ನೊಂದು ಜನರ ಪ್ರಶ್ನೆ ಶುರುವಾಯಿತು. ಕುಂಞಾಕನ ಕ್ರಮ ಅವರಿಗೆ ಲಾಗೂ ಇಲ್ಲ.

“ಹೇಗಾಯ್ತು?”

“ಲಿಫ್ಟ್ ಇಲ್ಲ, ನಾಲ್ಕನೇ ಮಾಳಿಗೆ. ಒಂದು ಕಿಲೋ ಟೊಮೆಟೊ ಹಿಡ್ಕೊಂಡು ಮೆಟ್ಟಿಲು ಹತ್ತಾ ಇದ್ರು. ಎದೆ ಹಿಡ್ಕೊಂಡು ಕೂತ್ರು.”

“ನರಳದೆ ಹೋದ್ರು, ಪುಣ್ಯವಂತರು. ಮಕ್ಕಳು?”

“ಒಬ್ಬಳೇ ಮಗಳು. ಹತ್ತು ವರ್ಷದಿಂದ ಮಾತಿಲ್ಲ. ಇವರು ದಿನಾ ಫೋನ್ ಮಾಡ್ತಿದ್ರು, ಅವಳು ಎತ್ತುದಿಲ್ಲ.”

“ಛೆ ಛೆ ಛೆ! ಎಂಥಾ ಮಕ್ಕಳು ಮಾರಾಯ್ರೇ! ಕೊನೆಗಾದ್ರೂ ಬಂದ್ಳಾ?”

“ಬಂದ್ಳು.” ಶಹೀರ್ ಚಾಪೆಯ ಅಂಚಿನ ಎಳೆ ಕಿತ್ತ. “ಒಂದು ಮಾತೂ ಆಡ್ಲಿಲ್ಲ. ಮೆಟ್ಟಿಲಲ್ಲಿ ಬಿದ್ದಿದ್ದ ಟೊಮೆಟೊ ಎಲ್ಲ ಹೆಕ್ಕಿದ್ಳು.”

ಇಷ್ಟು ಹೇಳಿ ಅವನು ಗೊಳೋ ಎಂದು ಅತ್ತ. ಅದು ನಾಟಕವಾಗಿರಲಿಲ್ಲ. ಹನ್ನೊಂದು ಜನರಲ್ಲಿ ಏಳು ಜನ ಅತ್ತರು. ಉಳಿದ ನಾಲ್ವರು ಹೊರಗೆ ಹೋಗಿ ತಮ್ಮ ತಮ್ಮ ಹೆಣ್ಣುಮಕ್ಕಳಿಗೆ ಫೋನ್ ಮಾಡಿದರು.

ನಾಲ್ಕು ಗಂಟೆಗೆ ಕುಂಞಾಕ ಮತ್ತು ಲತೇಶ್ ಎರಡೂ ಬದಿಯಿಂದ ಹಿಡಿದುಕೊಂಡು ಅವನನ್ನು ಅಂಗಡಿಗೆ ತಂದರು. ನಡೆಯಲು ಅವನಿಗೇನೂ ಕಷ್ಟ ಇರಲಿಲ್ಲ, ಆದರೆ ಬಿಡಬೇಕಲ್ಲ. ಅಬೂ ರಾಕಾನ್ ಆಗಲೇ ಬಂದು ಕೂತಿದ್ದರು. ಎಪ್ಪತ್ತು ದಾಟಿದ ಮುದುಕರು. ಎದ್ದು ಬಂದು ಅವನ ಹಣೆಗೆ ಮುತ್ತಿಟ್ಟು, ದೇವರು ನಿನಗೆ ತಾಳ್ಮೆ ಕೊಡಲಿ ಎಂದರು. ಕಿಸೆಯಿಂದ ಮೊಬೈಲ್ ತೆಗೆದು, ಕನ್ನಡಕ ಏರಿಸಿ, ಸರಕಾರದ ಆ್ಯಪ್ ತೆರೆದರು. ಮೂವತ್ತು ದಿನ ಎಂದು ಒತ್ತಿದರು. ಇನ್ನು ಒಂದೇ ಗುಂಡಿ ಬಾಕಿ.

“ಪಾಪ, ಹೇಗೆ ತೀರಿಕೊಂಡರು?” ಎಂದು ಮರ್ಯಾದೆಗೆ ಕೇಳಿದರು.

ಶಹೀರ್ ‘ಹೃದಯಾಘಾತ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದ. ಆದರೆ ಕುಂಞಾಕ ಇರುವಾಗ ಒಂದೇ ಮಾತಿನಲ್ಲಿ ಮುಗಿಯುವುದುಂಟೇ? ಅವರು ಎದೆಗೆ ಕೈಯಿಟ್ಟು, ಮೂವತ್ತೊಂದು ವರ್ಷದ ಅರಬಿಯನ್ನೆಲ್ಲ ಖರ್ಚು ಮಾಡಿ ಮೆಟ್ಟಿಲು, ಟೊಮೆಟೊ, ಎಲ್ಲವನ್ನೂ ವರ್ಣಿಸಿದರು. ಅಬೂ ರಾಕಾನರ ಬೆರಳು ಗುಂಡಿಯ ಮೇಲೆ ನಿಂತಿತು.

“ಟೊಮೆಟೊ?”

“ಹೌದು ಶೇಖ್,” ಎಂದರು ಕುಂಞಾಕ. “ಒಂದು ಕಿಲೋ.”

“ಲಿಫ್ಟ್ ಇರಲಿಲ್ಲವೇ?”

“ಎಲ್ಲಿಯ ಲಿಫ್ಟ್! ನಾಲ್ಕನೇ ಮಾಳಿಗೆ.”

“ಪೊಲೀಸಿನವರೇ? ಹಾರೂನ್?” ಮುದುಕರು ಕನ್ನಡಕ ಕೆಳಗಿಳಿಸಿ ಶಹೀರನನ್ನು ನೋಡಿದರು. “ಮಗಳ ಹೆಸರು ಲಾಲೆಯೇ?”

“ನಿಮಗೆ ಪರಿಚಯವೇ ಶೇಖ್?” ಕುಂಞಾಕ ಬೆರಗಾದರು.

“ಚೆನ್ನಾಗಿ,” ಎಂದರು ಅಬೂ ರಾಕಾನ್. “ನೀವಿಬ್ಬರೂ ಹೊರಗೆ ಹೋಗಿ ಚಾ ಕುಡಿದು ಬನ್ನಿ.”

ಮುಗಿಯಿತು ಎಂದುಕೊಂಡ ಶಹೀರ್. ಕೆಲಸ ಹೋಯಿತು, ಇಲ್ಲಿ ಇರುವ ಪರವಾನಗಿ ಇಕಾಮಾ ಹೋಯಿತು, ಇನ್ನು ಊರಿಗೆ ಹೋಗುವುದಂತೂ ಗ್ಯಾರಂಟಿ, ಆದರೆ ಈ ಮುಖ ಹೊತ್ತು ಹೋಗುವುದು ಹೇಗೆ? “ತಪ್ಪಾಯಿತು ಬಾಬಾ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ...” ಎಂದು ಶುರು ಮಾಡಿದ.

ಮುದುಕರಿಗೆ ಅದೊಂದೂ ಕೇಳಿಸಲಿಲ್ಲ. “ನಾನು ಅರವತ್ತೆರಡನೆಯದರ ತನಕ ನೋಡಿದ್ದೆ. ಇನ್ನೆರಡು ಇತ್ತು. ಬೇಗ ಮುಗಿದುಹೋಗುತ್ತದೆಂದು ಹೆದರಿ ಇಟ್ಟುಕೊಂಡಿದ್ದೆ. ಸತ್ತೇಹೋದರೇ?”

“ಹೋದರು ಬಾಬಾ.”

“ಲಾಲೆ ಬಂದಳೇ?”

“ಬಂದಳು.”

ಅಬೂ ರಾಕಾನ್ ರುಮಾಲಿನ ತುದಿಯಿಂದ ಮುಖ ಮುಚ್ಚಿಕೊಂಡು ಅತ್ತರು. ಶಹೀರ್ ಟಿಶ್ಯೂ ಕಾಗದ ಮುಂದೆ ಹಿಡಿದು ನಿಂತ.

“ಹೆಂಡತಿ ಹೋಗಿ ನಾಲ್ಕು ವರ್ಷವಾಯಿತು,” ಎಂದರು ಕೊನೆಗೆ. “ಗಂಡುಮಕ್ಕಳು ನಗುತ್ತಾರೆ, ಈ ವಯಸ್ಸಿಗೆ ನಿಮಗೆ ಪೊಲೀಸ್ ಕತೆಯೇ ಎಂದು. ಹಾರೂನರ ವಿಷಯ ಮಾತಾಡೋಣ ಅಂದರೆ ಇಡೀ ರಿಯಾದಿನಲ್ಲಿ ನನಗೆ ಒಬ್ಬ ಮನುಷ್ಯ ಇರಲಿಲ್ಲ. ನೀನು ನನ್ನ ಅಂಗಡಿಯಲ್ಲೇ ಇದ್ದೆಯಲ್ಲೋ!” ಎಂದು ಅವನ ಎರಡೂ ಕೈ ಹಿಡಿದುಕೊಂಡರು. ಹಿಡಿಯುವ ಮೊದಲು ಮೊಬೈಲಿನಲ್ಲಿ ‘ರದ್ದು’ ಎಂದು ಒತ್ತಿದ್ದನ್ನು ಶಹೀರ್ ನೋಡಿದ.

“ಬಾಬಾ, ರಜೆ...”

“ಈಗ ನಿನ್ನನ್ನು ಹೇಗೆ ಕಳಿಸಲಿ? ಮೊದಲನೇ ಕಂತಿನಿಂದ ಇಬ್ಬರೂ ಕೂತು ನೋಡೋಣ. ದಿನಕ್ಕೊಂದು. ಗಾಜು ಉಜ್ಜಲು ಬೇರೆಯವರಿದ್ದಾರೆ. ಅರವತ್ತನಾಲ್ಕು ದಿನ ಕಳೆಯಲಿ, ಆಮೇಲೆ ನೋಡೋಣ.”

“ಬಾಬಾ, ನನ್ನ ಮಗಳಿಗೆ ಇಪ್ಪತ್ತು ತಿಂಗಳು. ಒಂದು ಸಲವೂ ಎತ್ತಿಕೊಂಡಿಲ್ಲ.” ಇದೊಂದನ್ನು ಮಾತ್ರ ಅವನು ಪತ್ತೇದಾರನ ಅರಬಿಯಲ್ಲಿ ಹೇಳಲಿಲ್ಲ, ಹೇಳಲು ಬಂದ ಹಾಗೆ ಹೇಳಿದ.

ಮುದುಕರು ಪ್ರೀತಿಯಿಂದ ಅವನ ಬೆನ್ನು ಸವರಿದರು. “ಹಾರೂನರಿಗೂ ಹಾಗೇ ಇತ್ತು ಮಗನೇ. ಲಾಲೆ ಕೊನೆಗೆ ಬಂದಳಲ್ಲ? ನಿನ್ನವಳೂ ಬರುತ್ತಾಳೆ.”

ಚಾ ಕುಡಿದು ಬಂದ ಕುಂಞಾಕನಿಗೆ ಕಫೀಲರ ಕೆಂಪು ಕಣ್ಣು ಕಂಡು ಎದೆ ತುಂಬಿ ಬಂತು. “ನಿನ್ನ ಮಾವನಿಗೋಸ್ಕರ ಅಳುವ ಕಫೀಲ್! ಇಂಥವರು ಬೇರೆ ಯಾರಿಗೆ ಸಿಗ್ತಾರೆ ಹೇಳು,” ಎಂದು ಮೊಬೈಲ್ ತೆಗೆದು ಶಹೀರನ ಕೈಯಲ್ಲಿಟ್ಟರು. ಅದರಲ್ಲಿ ಜಸ್ನಾಳ ಹದಿನೇಳು ಕರೆಗಳಿದ್ದವು. ಹದಿನೆಂಟನೆಯದು ಕೈಯಲ್ಲೇ ಹೊಡೆದುಕೊಂಡಿತು.

“ಬರ್ತೀರಂತಲ್ಲ!” ಅವಳ ದನಿ ಕುಣಿಯುತ್ತಿತ್ತು. “ಕುಂಞಾಕನ ಹೆಂಡತಿ ನುಸೈಬಕ್ಕ ಹೇಳಿದ್ರು. ಎಂತಕ್ಕೆ ಫಕ್ಕನೆ ಅಂತ ಕೇಳಿದ್ರೆ ಹೇಳುದಿಲ್ಲ. ನಿಮ್ಮ ಉಮ್ಮ ಆಗ್ಲೇ ಕೋಳಿ ಹಿಡಿಸಿದ್ದಾರೆ!”

“ಇಲ್ಲ ಜಸ್ನಾ. ಬರ್ಲಿಕ್ಕಾಗುದಿಲ್ಲ.”

“ರಜೆ ಸಿಕ್ಕಿದೆ ಅಂದ್ರಲ್ಲ?”

“ಸಿಕ್ಕಿತ್ತು.” ಶಹೀರ್ ಅಂಗಡಿಯ ಮೂಲೆಗೆ ಸರಿದ. “ಇಲ್ಲಿ ಕಫೀಲರಿಗೆ ತುಂಬಾ ಬೇಕಾದವರೊಬ್ರು ತೀರಿಹೋದ್ರು. ಅಳ್ತಾ ಇದ್ದಾರೆ.”

“ಇನ್ನಾ ಲಿಲ್ಲಾಹಿ,” ಎಂದಳು ಜಸ್ನಾ. ಮೂಗು ಎಳೆದುಕೊಂಡದ್ದು ಕೇಳಿಸಿತು. “ಅವರ ಜತೆಗೆ ಯಾರೂ ಇಲ್ವಾ?”

“ನಾನೊಬ್ಬನೇ.”

“ಹಾಗಾದ್ರೆ ನೀವು ಈಗ ಬರ್ಬೇಡಿ. ಇಂಥಾ ಹೊತ್ತಲ್ಲಿ ಮುದುಕರನ್ನು ಒಬ್ಬರನ್ನೇ ಬಿಟ್ಟು ಬರುದು ಚಂದ ಅಲ್ಲ. ನಾನು ಉಮ್ಮನಿಗೆ ಹೇಳ್ತೇನೆ,” ಎಂದು ಅವಳು ಫೋನ್ ಇಟ್ಟಳು.

ಒಳಗಿನಿಂದ ಅಬೂ ರಾಕಾನ್ ಎರಡು ಕುರ್ಚಿ ಎಳೆದ ಸದ್ದಾಯಿತು. “ಯಲ್ಲಾ ಶಹೀರ್,” ಎಂದು ಕರೆದರು. “ಶುರುವಾಗುತ್ತಿದೆ.”