ಕೆಂಪಗೆ ಕಾದ ಅಯಸ್ಕಾಂತದ ತಪಾಸಣಾ ವರದಿ

ಇಪ್ಪತ್ತೊಂಬತ್ತು ವರ್ಷ ಸೇತುವೆಗಳ ತಪಾಸಣೆ ಮಾಡಿ, ಒಂದರಲ್ಲೂ ಒಂದು ಬಿರುಕನ್ನೂ ಕಾಣದೆ ನಿವೃತ್ತರಾದ ಯಜಮಾನರಿಗೆ ಹೆಂಡತಿ ಜಮಖಾನ ತಪಾಸಣೆ ಮಾಡಲು ಹೇಳುವುದೆಂದರೆ ಅವಮಾನವಲ್ಲವೇ?

ಮನೆಯ ಮುಂದಿನ ಕೋಣೆಯೇ ಹೆಂಡತಿಯ ಹೊಲಿಗೆ ಅಂಗಡಿ. ಗುಂಡುಸೂಜಿಯ ಡಬ್ಬಿ ಕೈಜಾರಿ ಜಮಖಾನದ ಮೇಲೆಲ್ಲ ಚೆಲ್ಲಿತ್ತು. ನಾಲ್ಕು ಗಂಟೆಗೆ ಮಗಳು ಬರುವವಳು. ಅವಳ ಕಂಕುಳಲ್ಲಿ ಮೊನ್ನೆಯಷ್ಟೇ ಅಂಬೆಗಾಲಿಡಲು ಕಲಿತ ಕೂಸು.

"ರೀ, ಅಯಸ್ಕಾಂತ ಆಡಿಸಿ ಒಂದೂ ಬಿಡದ ಹಾಗೆ ಎತ್ತಿಬಿಡಿ. ಮಗು ಕೈಗೆ ಚುಚ್ಚಿದ್ರೆ ನಾನು ಸುಮ್ನಿರಲ್ಲ."

ಆ ಅಯಸ್ಕಾಂತಕ್ಕೋ ಕಬ್ಬಿಣದ ಪುಡಿ ಅಂಟಿ ಗಡ್ಡ ಬೆಳೆದಿತ್ತು. ಒರೆಸಿದರೆ ಹೋಗದು, ಕೆರೆದರೆ ಬಿಡದು. ಇಂಥ ಕೊಳಕು ಆಯುಧ ಹಿಡಿಯುವುದು ತಮ್ಮ ಹುದ್ದೆಗೆ ತಕ್ಕುದಲ್ಲವೆಂದು (ಹುದ್ದೆ ಹೋಗಿ ಎರಡು ವರ್ಷವಾಗಿತ್ತು, ಗತ್ತು ಹೋಗಿರಲಿಲ್ಲ) ಯಜಮಾನರು ಅದನ್ನು ಇಕ್ಕಳದಲ್ಲಿ ಹಿಡಿದು ಒಲೆಯ ಉರಿಗೆ ಒಡ್ಡಿದರು. ಕೆಂಪಗೆ ಕಾದದ್ದೇ ತಡ, ಗಡ್ಡವೆಲ್ಲ ತಾನಾಗಿ ಉದುರಿತು! ನಲ್ಲಿಯ ಕೆಳಗೆ ತಣಿಸಿ ಜಮಖಾನದ ಮೇಲೆ ಮೂಲೆಯಿಂದ ಮೂಲೆಗೆ ಎಳೆದರು. ಒಂದು ಸೂಜಿಯೂ ಬರಲಿಲ್ಲ.

"ಏನೂ ಇಲ್ಲ ಕಣೇ."

"ಡಬ್ಬಿಗೆ ಡಬ್ಬಿಯೇ ಬಿದ್ದಿದೆ, ಎಲ್ಲಿ ಹೋಯ್ತು?"

"ತಪಾಸಣೆಯಲ್ಲಿ ಸಿಗಲಿಲ್ಲ ಅಂದ್ಮೇಲೆ ಬಿದ್ದೇ ಇಲ್ಲ ಅಂತ. ಬೇಕಾದ್ರೆ ಬರೆದುಕೊಡ್ತೀನಿ."

"ಬರೆಯೋದು ಬೇಡ. ಅದರ ಮೇಲೆ ಕೂತು ತೋರಿಸಿ."

ತಾವು ಸಹಿ ಹಾಕಿದ್ದರ ಮೇಲೆ ತಾವೇ ಭಾರ ಹಾಕುವ ಪ್ರಸಂಗ ಅವರಿಗೆ ಇದುವರೆಗೆ ಬಂದಿರಲಿಲ್ಲ. (ಬೇರೆಯವರು ದಾಟುತ್ತಿದ್ದರು, ದಾಟಿದ್ದು ಅವರವರ ಪುಣ್ಯ.) ಆದರೆ ಮಾನದ ಪ್ರಶ್ನೆ. ಕಣ್ಣು ಮುಚ್ಚಿ ಕೂತರು. ಕೂತದ್ದಕ್ಕಿಂತ ಬೇಗ ಎದ್ದರು, ಆಯ ತಪ್ಪಿ ಅಂಗಾತ ಬಿದ್ದರು. ಬಿದ್ದಲ್ಲೂ ಸೂಜಿ!

ಅಷ್ಟರಲ್ಲಿ ಶಾಲೆಯಲ್ಲಿ ವಿಜ್ಞಾನ ಹೇಳುವ ಮಗಳು ಕೂಸಿನೊಂದಿಗೆ ಹೊಸ್ತಿಲಲ್ಲಿ ನಿಂತಿದ್ದಳು. ನಡೆದದ್ದನ್ನು ಕೇಳಿ ಹಣೆ ಚಚ್ಚಿಕೊಂಡಳು.

"ಕೆಂಪಗೆ ಕಾಸಿದ್ರಾ ಅಪ್ಪಾ? ಒಳಗಿನ ಕಣಗಳೆಲ್ಲ ಒಂದೇ ಕಡೆ ಮುಖ ಮಾಡಿದ್ರೇನೇ ಸೆಳೆತ. ಅಷ್ಟು ಬಿಸಿಯಾದ್ರೆ ಒಂದೊಂದು ಒಂದೊಂದು ದಿಕ್ಕಿಗೆ ತಿರುಗಿಬಿಡ್ತವೆ."

"ಆಮೇಲೆ ತಣ್ಣೀರು ಹಾಕಿದೆನಲ್ಲೇ!"

"ತಣ್ಣಗಾಯ್ತು ಅಷ್ಟೆ. ಮತ್ತೆ ಸಾಲಿಗೆ ಬರಲಿಲ್ಲ."

ಯಜಮಾನರಿಗೆ ತಲೆಬುಡ ತಿಳಿಯಲಿಲ್ಲ. ಮಲಗಿದಲ್ಲೇ ಅಯಸ್ಕಾಂತವನ್ನು ತಿರುಗಿಸಿ ಮುರುಗಿಸಿ ನೋಡಿದರು. ಅದೇ ಆಕಾರ, ಅದೇ ತೂಕ. ಮೇಲೆ ಇಷ್ಟು ನೆಟ್ಟಗಿರುವುದು ಒಳಗೆ ಸತ್ತಿರುವುದು ಹೇಗೆ ಸಾಧ್ಯ?

ಹೆಂಡತಿ ಅವರನ್ನು ಮಗ್ಗುಲಿಗೆ ತಿರುಗಿಸಿ ಬೆನ್ನಿನಿಂದ ಒಂದೊಂದೇ ಸೂಜಿ ಕಿತ್ತು ಡಬ್ಬಿಗೆ ಹಾಕುತ್ತಿದ್ದಳು.

"ಹತ್ತೊಂಬತ್ತು. ಅಯಸ್ಕಾಂತಕ್ಕಿಂತ ನೀವೇ ವಾಸಿ ಕಣ್ರೀ. ಎಲ್ಲಿ, ಕಿಟಕಿ ಕಡೆಗೂ ಒಂದ್ಸಲ ಹೊರಳಿ. ಮಗು ಇಳಿಸ್ಬೇಕು."